ಬಲೆ ಬಿಡಲು ಹೇಳಿದವರು

ಮರಿಮೀನು ಬೆಳೆಯುವ ನಿಷೇಧಿತ ನೀರಿನಲ್ಲಿ ಬಲೆ ಬಿಟ್ಟಿದ್ದ ಮೀನು ಕಂಪನಿಯೊಂದರ ಬೋಟನ್ನು ಕರಾವಳಿ ಕಾವಲು ಪಡೆ ಹಿಡಿದಿತ್ತು. ಅದರ ಕ್ಯಾಪ್ಟನ್ ಜಾಮೀನಿನ ಮೇಲೆ ಮನೆಗೆ ಬಂದ ಬೆನ್ನಿಗೇ ಕಂಪನಿಯ ವಕೀಲರು ಹುಡುಕಿಕೊಂಡು ಬಂದರು. ಒಣಹಾಕಿದ ಬಟ್ಟೆ ಸರಿಸಿ ಕುರ್ಚಿಯಲ್ಲಿ ಕುಳಿತರು.

"ನೀವಾಗೇ ಹೋದೆ ಅಂತ ಒಪ್ಕೊಂಡ್ಬಿಡಿ. ನಿಮ್ಮ ಮನೆಯವರನ್ನ ಕಂಪನಿ ಕೈಬಿಡಲ್ಲ."

ಕ್ಯಾಪ್ಟನ್ನನ ಹೆಂಡತಿ ಒಳಗಿನಿಂದ ಬಂದು ನಿಂತಳು. ಅವಳು ಅದೇ ಕಂಪನಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೀನು ವಿಂಗಡಿಸುವವಳು. ಬೆರಳುದ್ದದ ಮರಿಗಳನ್ನು ಕೋಳಿಮೇವಿಗೆಂದು ಪುಡಿ ಮಾಡುವ ಯಂತ್ರಕ್ಕೆ ಸುರಿದು ಸುರಿದು ಅವಳಿಗೆ ರೋಸಿಹೋಗಿತ್ತು.

"ಅಲ್ಲೇ ಬಲೆ ಬಿಡು ಅಂತ ವೈರ್‌ಲೆಸ್‌ನಲ್ಲಿ ಹೇಳಿದ್ದು ಮಾಲೀಕರೇ. ಸುತ್ತಮುತ್ತಲಿನ ದೋಣಿಯವರಿಗೂ ಅವರವರ ಸೆಟ್ಟಲ್ಲಿ ಕೇಳ್ಸಿದೆ," ಎಂದಳು.

"ಕಂಪನಿ ಮುಚ್ಚಿದ್ರೆ ನಿಮ್ಮ ಕೆಲಸಾನೂ ಹೋಗುತ್ತಲ್ಲಮ್ಮ."

"ಹೋಗ್ಲಿ."

ವಕೀಲರು ಹೋದ ಮೇಲೆ ಗಂಡ ಸಿಡುಕಿದ. "ಹೋಗ್ಲಿ ಅಂದ್ಬಿಟ್ಟೆ! ಗಾಳಿ ಕುಡ್ಕೊಂಡು ಬದುಕೋಣ್ವಾ?"

"ನಿಮ್ಮಣ್ಣ ಈಗ ಅದನ್ನೇ ಕುಡೀತಿರೋದು ಕಣ್ರೀ."

ಅಣ್ಣನದು ಸಣ್ಣ ದೋಣಿ. ಮರಿಗಳೇ ಉಳಿಯದ ಸಮುದ್ರದಲ್ಲಿ ಅವನ ಬಲೆ ಬರಿದಾಗಿ ಬರುತ್ತಿತ್ತು. ತಮ್ಮನೊಡನೆ ಮಾತು ಬಿಟ್ಟಿದ್ದ. ಹೆಂಡತಿಯ ಮಾತು ನಾಟಿ, ಆ ಸಂಜೆಯೇ ಕ್ಯಾಪ್ಟನ್ ಅವನ ಬಾಗಿಲಿಗೆ ಹೋಗಿ ನಿಂತ.

"ಕೋರ್ಟಲ್ಲಿ ನಿಜ ಹೇಳ್ತೀನಣ್ಣ. ನನ್ನ ತಪ್ಪನ್ನೂ ಸೇರಿಸೇ ಹೇಳ್ತೀನಿ. ಆವತ್ತು ವೈರ್‌ಲೆಸ್ ಕೇಳಿದವರನ್ನ ನೀನು ಕರ್ಕೊಂಡು ಬರ್ತೀಯಾ?"

ಅಣ್ಣ ಅವನ ಮುಖವನ್ನೇ ದಿಟ್ಟಿಸಿದ. "ಮಾತು ತಪ್ಪಿದ್ರೆ ಈ ಹೊಸ್ತಿಲು ತುಳೀಬೇಡ," ಎಂದು ಚಪ್ಪಲಿ ಮೆಟ್ಟಿ ದೋಣಿಯವರ ಮನೆಗಳತ್ತ ಹೊರಟ.

ಕೋರ್ಟಿನಲ್ಲಿ ಕಂಪನಿಯ ವಕೀಲರು ಇದೆಲ್ಲ ಒಬ್ಬ ನೌಕರನ ದುರಾಸೆ ಎಂದು ವಾದಿಸಿದರು. ಕ್ಯಾಪ್ಟನ್ ನಡೆದದ್ದನ್ನೆಲ್ಲ ಹೇಳಿದ. ದೋಣಿಯವರು ಒಬ್ಬರ ಹಿಂದೊಬ್ಬರು ಬಂದು, ತಾವು ಕೇಳಿದ್ದು ಮಾಲೀಕರ ದನಿಯೇ ಎಂದು ಸಾಕ್ಷಿ ನುಡಿದರು.

"ಆ ಮೀನು ಮಾರಿ ಲಾಭ ಪಡೆದವರು ಯಾರು?" ನ್ಯಾಯಾಧೀಶರು ಕೇಳಿದರು.

ಕಂಪನಿಯೂ ಮಾಲೀಕರೂ ಹೊಣೆ ಎಂದು ತೀರ್ಪಾಯಿತು. ಬೋಟುಗಳ ಪರವಾನಗಿ ರದ್ದಾಯಿತು, ಸಣ್ಣ ದೋಣಿಯವರಿಗೆ ಕಂಪನಿ ಪರಿಹಾರ ಕೊಡಬೇಕಾಯಿತು. ಕ್ಯಾಪ್ಟನ್ ಎರಡು ವರ್ಷ ಬೋಟು ನಡೆಸುವಂತಿರಲಿಲ್ಲ. ಅವನು ಅಣ್ಣನ ದೋಣಿಯಲ್ಲಿ ಬಲೆ ಎಳೆಯಲು ಸೇರಿಕೊಂಡ. "ಕ್ಯಾಪ್ಟನ್ ಸಾಹೇಬ್ರೇ, ಸ್ವಲ್ಪ ಬೆನ್ನು ಬಗ್ಲಿ," ಎಂದು ಅಣ್ಣ ಕಾಲೆಳೆದಾಗ ನಕ್ಕ.

ಕೋಲ್ಡ್ ಸ್ಟೋರೇಜಿಗೆ ಬೀಗ ಬಿತ್ತು. "ನಮ್ಮ ಹೊಟ್ಟೆ ಮೇಲೆ ಹೊಡೆದ್ಯಲ್ಲೇ," ಎಂದು ಜೊತೆ ಕೆಲಸದವರು ನಲ್ಲಿಯ ಬಳಿ ಮುಖ ತಿರುಗಿಸಿದಾಗ ಕ್ಯಾಪ್ಟನ್ನನ ಹೆಂಡತಿಗೆ ಕಣ್ಣು ತುಂಬಿತು. ಆದರೂ ಕೊಡ ಕೆಳಗಿಟ್ಟು ಹೇಳಿದಳು:

"ಬೈಯೋದಿದ್ರೆ ದಾರೀಲಿ ಬೈಯಿರಿ. ಬಾಕಿ ಸಂಬಳಾನೂ ಕಂಪನೀನೇ ಕೊಡ್ಬೇಕು. ಕಾರ್ಮಿಕ ಇಲಾಖೆಗೆ ಹೋಗೋಣ, ನಡೀರಿ."

ಎಲ್ಲರಿಗಿಂತ ಹೆಚ್ಚು ಬೈದವಳೇ ಮೊದಲು ಹೊರಟಳು.