ಹನ್ನೊಂದು ಮಂದಿಯ ಕಾರ್ಖಾನೆ

"ಕೈ ಮ್ಯಾಲ ಎತ್ತ ರಂಡಿ, ಮ್ಯಾಲ! ಸೊಂಟದಾಗ ಏನ ಕಟಗೊಂಡಿ?"

ಗಿರಿಜಾಬಾಯಿ ದಿನಾ ಹೀಗೆ ಕೂಗುವವಳಲ್ಲ. ಆವತ್ತು ಮ್ಯಾನೇಜರ್ ಪಂಢರಿನಾಥ ಸಾಹೇಬರು ಗೇಟಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅದಕ್ಕೇ ಅವಳ ದನಿ ಏರಿತ್ತು. ಸಂಜೆ ಸೈರನ್ ಆದ ಕೂಡಲೇ ನಾವು ನಲವತ್ಮೂರು ಹೆಂಗಸರು ಸಾಲು ಹಿಡಿದು ನಿಲ್ಲಬೇಕು. ಹಳಬರು ಮುಂದೆ, ಹೊಸಬರು ಹಿಂದೆ. ಎರಡೂ ಕೈ ತಲೆಯ ಮೇಲೆತ್ತಿ ಒಬ್ಬೊಬ್ಬರಾಗಿ ಗಿರಿಜಾಬಾಯಿಗೆ ಮೈ ಒಪ್ಪಿಸಬೇಕು. ಅವಳು ಎದೆ, ಸೊಂಟ, ತೊಡೆ ತಡವಿ ನೋಡಿ ಬೆನ್ನಿಗೊಂದು ಗುದ್ದು ಕೊಟ್ಟರೆ ಹೊರಗೆ ಹೋಗಬಹುದು. ಇದಕ್ಕೆ ಝಡತಿ ಎನ್ನುತ್ತಾರೆ.

ಸಾಲಿನ ಮೊದಲಿಗೆ ನಿಲ್ಲುವವಳು ಮುಕ್ತಾಬಾಯಿ. ಒಂಬತ್ತು ವರ್ಷದ ಹಳಬಳು. ಅವಳ ಸೊಂಟದಿಂದ ಗಿರಿಜಾಬಾಯಿ ಒಂದು ಚಿಂದಿ ಎಳೆದು ತೆಗೆದಳು. ಟಾವೆಲಿನ ಅಂಚು ಕತ್ತರಿಸಿದಾಗ ಉದುರುವ ಚಿಂದಿ ಅದು. ಬಣ್ಣ ತಾಗಿ ಒಡೆದ ಬೆರಳಿಗೆ ಸುತ್ತುವುದೂ ಅದನ್ನೇ, ಮುಟ್ಟಾದಾಗ ಕಟ್ಟಿಕೊಳ್ಳುವುದೂ ಅದನ್ನೇ. ನಮ್ಮಲ್ಲಿ ಚಿಂದಿ ಇಲ್ಲದ ಹೆಂಗಸು ಒಬ್ಬಳೂ ಇರಲಿಲ್ಲ. ಗಿರಿಜಾಬಾಯಿಯ ಸೊಂಟದಲ್ಲೂ ಇತ್ತು.

"ಚಿಂದೀನೂ ಕಂಪನಿ ಮಾಲ್," ಎಂದರು ಸಾಹೇಬರು. "ಚೋರ ಜಾತ್. ಬಿಚ್ಚಸ ಅಕಿನ್ನ, ಇನ್ನೂ ಎಷ್ಟ ಐತಿ ನೋಡು."

ಮುಕ್ತಾಬಾಯಿ ನೆರಿಗೆ ಹಿಡಿದುಕೊಂಡು ನೇರ ಕುರ್ಚಿಯ ಎದುರಿಗೆ ಹೋಗಿ ನಿಂತಳು. "ಇನ್ನೊಂದ ಐತ್ರಿ ಸಾಹೇಬ್ರ. ಒದ್ದಿ ಆಗ್ಯಾದ. ಅದನ್ನೂ ವಾಪಸ್ ಕೊಡ್ಲೇನ್ರಿ?"

ಸಾಹೇಬರು ಮುಖವನ್ನು ಹೊಳೆಯ ಕಡೆ ತಿರುಗಿಸಿದರು. ಆ ಒಂದು ಮಾತಿಗೆ ಮುಕ್ತಾಬಾಯಿ ಎಂಟು ದಿನ ಕೆಲಸವಿಲ್ಲದೆ ಗೇಟಿನಾಚೆ ಕೂತಳು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಮಗ್ಗಗಳಲ್ಲಿ ನೆಯ್ದ ಟಾವೆಲುಗಳು ಟೆಂಪೋದಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಬಣ್ಣಕ್ಕೆ ಅದ್ದಿ, ತೊಳೆದು, ಒಣಗಿಸಿ ಕಳಿಸುವುದು ನಮ್ಮ ಕೆಲಸ. ತೊಳೆಯಲು ನೀರು ಬೇಕು, ತೊಳೆದ ಹೊಲಸು ಬಿಡಲು ಜಾಗ ಬೇಕು. ಎರಡಕ್ಕೂ ಅನುಕೂಲವೆಂದು ಮಾಲೀಕ ಸೇಠ ಅಕ್ಕಲಕೋಟದ ಹೊರಗೆ ಬೋರಿ ಹೊಳೆಯ ದಂಡೆ ಹಿಡಿದಿದ್ದ. ಇದ್ದದ್ದು ಒಂದೇ ಗೇಟು, ಅದೂ ಹೊಳೆಯ ಕಡೆ. ಹಿಂದಿನ ಗೋಡೆಯಾಚೆ ಎತ್ತರದಲ್ಲಿ ಡಾಂಬರು ರಸ್ತೆ. ಮೊದಲು ಆ ರಸ್ತೆಗೆ ಹೋಗಲು ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತಂತೆ. ಅಲ್ಲಿಂದ ಯಾರೋ ನಾಲ್ಕು ಟಾವೆಲು ಆಚೆ ಎಸೆದರೆಂದು ಇಟ್ಟಂಗಿ ಇಟ್ಟು ಮುಚ್ಚಿಬಿಟ್ಟಿದ್ದರು. ನಾಲ್ಕು ಟಾವೆಲಿನ ಬೆಲೆ ನಮ್ಮೆಲ್ಲರ ಜೀವಕ್ಕಿಂತ ಹೆಚ್ಚು ಎಂದು ಆಗ ನಮಗೆ ತಿಳಿದಿರಲಿಲ್ಲ, ಈಗ ತಿಳಿದಿದೆ.

ಹಿಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ಗೋದಾಮಿನೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಹಾಗಾಗಿ ಈ ಸಲ ಸರಕಾರದಿಂದ ಕಾಗದ ಬಂತು. ಹೊಳೆ ದಂಡೆಯ ಕಾರ್ಖಾನೆಗಳೆಲ್ಲ, ನೆರೆ ಬಂದರೆ ಮಂದಿಯನ್ನು ಹೇಗೆ ಹೊರಗೆ ಸಾಗಿಸುತ್ತೀರಿ ಎಂದು ಬರೆದು ಕೊಡಬೇಕು. ಬರೆಯುವುದಕ್ಕೆ ಸೊಲ್ಲಾಪುರದಿಂದ ಆಶಿಷ ಎಂಬ ಹೊಸ ಇಂಜಿನಿಯರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ನಮ್ಮನ್ನೆಲ್ಲ ಶೆಡ್ಡಿನ ನೆಲದ ಮೇಲೆ ಕೂಡಿಸಿ, ಹಲಗೆಗೆ ಕಾಗದ ಸಿಕ್ಕಿಸಿ, ಗೇಟಿನಿಂದ ಹೊರಗೆ ಬಾಣದ ಗುರುತು ಹಾಕತೊಡಗಿದ. ಮುಕ್ತಾಬಾಯಿ ಎಂಟು ದಿನ ಮುಗಿಸಿ ಕೆಲಸಕ್ಕೆ ತಿರುಗಿ ಬಂದದ್ದೂ ಆವತ್ತೇ.

"ಒಟ್ಟು ಎಷ್ಟ ಮಂದಿ ಸರ್?" ಆಶಿಷ ತಾನೇ ಎಣಿಸಿ ಐವತ್ನಾಲ್ಕು ಎಂದು ಪೆನ್ಸಿಲಿನಲ್ಲಿ ಬರೆದ.

"ಹನ್ನೊಂದ ಬರಿ," ಎಂದರು ಸಾಹೇಬರು.

"ಹನ್ನೊಂದ?"

"ಮಷಿನ್ ಮ್ಯಾಲಿನ ಗಂಡಸ್ರು ಹನ್ನೊಂದ ಮಂದಿ ಪರ್ಮನೆಂಟ್. ಈ ಬಾಯಕಾ ಮಂದಿ ಠೇಕೇದಾರಂದು. ಕಾಗದದಾಗ ಇವ್ರಿಲ್ಲ."

"ಪಣ್ ಸರ್, ಇಲ್ಲೇ ಕುಂತಾರಲ್ಲ?"

"ಕೂಡ್ಲಿ. ಕುಂತವ್ರೆಲ್ಲಾ ಕಾಗದದಾಗ ಬರ್ತಾರೇನು? ಖೋಡ್ ಪುಸ್."

ಆಶಿಷ ರಬ್ಬರು ತೆಗೆದು ಉಜ್ಜಿದ. ನಮ್ಮೆದುರಿಗೇ ನಮ್ಮನ್ನು ಅಳಿಸಿ ಕಾಗದದ ಮೇಲಿನ ಪುಡಿಯನ್ನು ಊದಿಬಿಟ್ಟ. ಊದುವಾಗ ನಮ್ಮ ಕಡೆ ನೋಡಲಿಲ್ಲ, ಅಷ್ಟು ನಾಚಿಕೆ ಅವನಿಗಿತ್ತು.

ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಬೀರಣ್ಣ ಕೆಮ್ಮಿದ. ಸಲಗರ ಬುದ್ರುಕದ ಕುರಿಗಾರ ಮುದುಕ. ರೋಗ ಬಿದ್ದು ಕುರಿಗಳೆಲ್ಲ ಸತ್ತಮೇಲೆ ಕೋಲೊಂದು ಉಳಿದಿತ್ತು, ಅದನ್ನು ಹಿಡಿದುಕೊಂಡೇ ನಮ್ಮ ಗೇಟಿಗೆ ಬಂದವನು. ಹಣೆಯ ಮೇಲೆ ಬೀರಪ್ಪನ ಭಂಡಾರ ಒಂದು ದಿನವೂ ತಪ್ಪದು.

"ಸಾಹೇಬ್ರ, ಒಂದ ಮಾತ್ರಿ. ನಾವು ಕುರಿದಡ್ಡಿ ಹಾಕಿದ್ರ ಎರಡ ಬಾಯಿ ಬಿಡ್ತೀವ್ರಿ. ತಗ್ಗಿಗೊಂದು, ದಿಬ್ಬಕ್ಕೊಂದು. ಹಳ್ಳ ಬಂತಂದ್ರ ದಿಬ್ಬದ ಬಾಯಿ ತಗದು ಹಿಂಡ ಹೊಡೀತೀವಿ. ಒಂದ ಬಾಯಿ ಇದ್ದ ದಡ್ಡ್ಯಾಗ ಕುರಿ ಹಾಕಿದ್ರ ಹಿರ್ಯಾರು ಜೋಡ ತಗೊಂಡ ಹೊಡೀತಿದ್ರು. ಇಲ್ಲಿ ನೋಡ್ರಿ, ಹೊಳಿ ಬರೂದೂ ಗೇಟಿನಾಗ, ಮಂದಿ ಹೋಗೂದೂ ಗೇಟಿನಾಗ. ಹಿಂದಿನ ಬಾಗಲಾ ಒಡಸ್ರಿ."

"ಬೀರಣ್ಣ, ನಿನ್ನ ಕುರಿ ಟಾವೆಲ್ ಕದೀತಿದ್ವೇನೋ?"

ಹನ್ನೊಂದೂ ಗಂಡಸರು ನಕ್ಕರು. ನಮ್ಮಲ್ಲೂ ಕೆಲವರು ನಕ್ಕೆವು. ಸಾಹೇಬರು ನಕ್ಕಾಗ ನಗದಿದ್ದವಳ ಮುಖ ಅವರಿಗೆ ನೆನಪಿರುತ್ತದೆ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಯೋಜನೆ ಹೀಗೆ ನಿಂತಿತು. ಸೈರನ್ ಆದೊಡನೆ ಮೊದಲು ಮೋಟರುಗಳನ್ನು ಬಿಚ್ಚಿ ಟೆಂಪೋಕ್ಕೆ ಏರಿಸುವುದು. ಆಮೇಲೆ ಟಾವೆಲಿನ ಗಂಟುಗಳನ್ನು ಮಾಳಿಗೆಗೆ ಸಾಗಿಸುವುದು. ಆಮೇಲೆ ಬಣ್ಣದ ಡಬ್ಬಿ. ಆಮೇಲೆ ಮಂದಿ.

"ಮತ್ತ ಝಡತಿ?" ಎಂದು ಕೇಳಿದಳು ಮುಕ್ತಾಬಾಯಿ.

"ಅದ ಇದ್ದ ಇರ್ತದ. ಗದ್ದಲದಾಗೇ ಮಾಲ್ ಹೋಗೂದು."

ಆ ಯೋಜನೆಯ ತಾಲೀಮು ನೋಡಲು ಸರಕಾರಿ ಸಾಹೇಬನೊಬ್ಬ ಜೀಪಿನಲ್ಲಿ ಬಂದ. ಕೈಗಡಿಯಾರ ನೋಡುತ್ತ ತಲೆಯಾಡಿಸಿದ, ಸೈರನ್ ಕೂಗಿತು. ಆ ಸೈರನ್ನು ನಮ್ಮ ಮೈಯೊಳಗೇ ಕೂತಿದೆ. ಅದು ಕೂಗಿದರೆ ಕೈ ತೊಳೆಯಬೇಕು, ಸೆರಗು ಝಾಡಿಸಬೇಕು, ಸಾಲು ಹಿಡಿಯಬೇಕು. ಹಿಡಿದೆವು. ಹನ್ನೊಂದು ಗಂಡಸರು ನಾಲ್ಕೇ ನಿಮಿಷದಲ್ಲಿ ಹೊರಗೆ ಹೋದರು. "ಛಾನ್!" ಎಂದು ಸಾಹೇಬ ಕಾಗದಕ್ಕೆ ಸಹಿ ಹಾಕಿ, ಭಜಿ ತಿನ್ನಲು ಆಫೀಸಿನೊಳಗೆ ಹೋದ. ಅವನು ಭಜಿ ತಿಂದು, ಚಹಾ ಕುಡಿದು, ಜೀಪು ಹತ್ತಿ ಹೋದಮೇಲೂ ನಮ್ಮ ಝಡತಿ ನಡೆದೇ ಇತ್ತು.

ಸಾಲಿನ ತುದಿಗೆ ನೀಲಾಬಾಯಿ ನಿಂತಿದ್ದಳು. ಮರವಡೆಯ ಕಡೆಯವಳು, ಗಂಡ ಸತ್ತವಳು, ಸೇರಿ ಹನ್ನೆರಡು ದಿನವಾಗಿತ್ತು. ಹಸಿರು ಬಣ್ಣದ ಹೊಂಡದ ಕೆಲಸಕ್ಕೆ ಹಾಕಿದ್ದರಿಂದ ಮೊಣಕೈತನಕ ಗಿಣಿಯ ಹಾಗೆ ಹಸಿರಾಗಿದ್ದಳು. ಅವಳಿಗಿಂತ ಎರಡು ತಿಂಗಳು ಹಳಬಳಾದ ನಾನು ಅವಳ ಮುಂದೆ ನಿಂತಿದ್ದೆ.

"ಮನೀಷಾಕ್ಕ, ಖರೇನ ಹೊಳಿ ಬಂದ್ರೂ ಹಿಂಗ ನಿಂದ್ರೂದೇನು?"

"ಮತ್ತ? ಝಡತಿ ಇಲ್ದ ಹೋದ್ರ ಕಳ್ಳಿ ಅಂತಾರ. ಸುಗಲಾಬಾಯಿಗಿ ಏನಾತು ಕೇಳಿಲ್ಲೇನು?"

ಸುಗಲಾಬಾಯಿಯ ಮಗಳಿಗೆ ಹಾವು ಕಚ್ಚಿತ್ತು. ಸುದ್ದಿ ಬಂದಾಗ ಝಡತಿ ಕೊಡದೆ ಓಡಿದ್ದಳು. ಮಗಳು ಉಳಿಯಲಿಲ್ಲ. ಮೂರನೆಯ ದಿನ ಕೆಲಸಕ್ಕೆ ಬಂದವಳನ್ನು ಪೊಲೀಸರಿಗೆ ಕೊಟ್ಟರು. ಆಮೇಲೆ ಅವಳು ಎಲ್ಲಿ ಹೋದಳೋ ಗೊತ್ತಿಲ್ಲ. ಈ ಕತೆಯನ್ನು ನೀಲಾಬಾಯಿಗೆ ಹೇಳಿದವಳು ನಾನೇ. ನನ್ನ ನಾಲಿಗೆಗೆ ಹುಳ ಬೀಳಲಿ.

ಒಂಬತ್ತು ದಿನ ಕಳೆದು ಹೊಳೆ ಬಂತು. ನಮ್ಮಲ್ಲಿ ಸುಡುಸುಡು ಮಧ್ಯಾಹ್ನದ ಬಿಸಿಲು, ಮಳೆ ಬಿದ್ದದ್ದು ಮೇಲೆ ನಳದುರ್ಗದ ಕಡೆ. "ಬಂತ್ರೆಪೋ, ಹೊಳಿ ಬಂತು!" ಎಂದು ಬೀರಣ್ಣ ಕೂಗುತ್ತ ಬಂದ. ಸೈರನ್ ಆಯಿತು. ಎಲ್ಲ ಯೋಜನೆಯಂತೆಯೇ ನಡೆಯಿತು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಮೋಟರು ಟೆಂಪೋ ಏರಿದವು, ಅವುಗಳ ಜೊತೆ ಹನ್ನೊಂದು ಗಂಡಸರು ಏರಿದರು. ಸಾಹೇಬರು ಮೋಟರುಗಳಿಗಿಂತ ಮೊದಲೇ ಹೋಗಿದ್ದರು. ನಾವು ಗಂಟು ಹೊತ್ತೆವು, ಡಬ್ಬಿ ಹೊತ್ತೆವು. ಕೊನೆಯ ಡಬ್ಬಿ ಮಾಳಿಗೆ ಸೇರುವಾಗ ನೀರು ಪಾದ ಮುಳುಗಿಸಿತ್ತು.

ಸಾಲು ಹಿಡಿದೆವು.

ಗಿರಿಜಾಬಾಯಿ ಅಳುತ್ತಲೇ ಝಡತಿ ತೆಗೆದುಕೊಳ್ಳುತ್ತಿದ್ದಳು. ಮುಕ್ತಾಬಾಯಿ ಹೊರಗೆ ಹೋದಳು, ಇನ್ನೂ ಹತ್ತು ಹದಿನೈದು ಮಂದಿ ಹೋದರು. ನೀರು ಮೊಣಕಾಲಿಗೆ ಬಂದಾಗ ಗಿರಿಜಾಬಾಯಿ ಎರಡೂ ಕೈಯಿಂದ ತಲೆ ಬಡಿದುಕೊಂಡು, "ನನಗೂ ಮಕ್ಕಳ ಅದಾವ್ರೆವ್ವಾ!" ಎಂದು ಓಡಿಬಿಟ್ಟಳು.

ಗೇಟು ತೆರೆದೇ ಇತ್ತು. ತಡೆಯುವವರು ಯಾರೂ ಇರಲಿಲ್ಲ. ಆದರೂ ನಾವು ನಿಂತೇ ಇದ್ದೆವು. ನಂಬುತ್ತೀರೋ ಇಲ್ಲವೋ, ಮೊಣಕಾಲುದ್ದ ನೀರಿನಲ್ಲಿ ಸಾಲು ಕೆಡದಂತೆ ನಿಂತು, ಮೈ ತಡವುವವಳು ಬರಲೆಂದು ಕಾಯುತ್ತಿದ್ದೆವು. ಮುಂದಿನವಳು ಹಿಂದೆ ನೋಡುತ್ತಿದ್ದಳು, ಹಿಂದಿನವಳು ಮುಂದೆ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಹಾಗೆಯೇ ಕಳೆದಿರಬೇಕು. ಹಿಂದಿನ ಗೋಡೆಗೆ ಬೀರಣ್ಣ ಹಾರೆಯಿಂದ ಕುಟ್ಟುವ ಸದ್ದು ಕೇಳುತ್ತಿತ್ತು.

ಹೊರಗಿನಿಂದ ಮುಕ್ತಾಬಾಯಿ ತಿರುಗಿ ಬಂದಳು. "ಏ ರಂಡೇರಾ, ಯಾರಿಗಿ ಕಾಯಾಕತ್ತೀರೇ? ನಿಮ್ಮ ಗಂಡ ಬರ್ತಾನಂತೇನು ಮೈ ಮುಟ್ಟಾಕ? ಓಡ್ರೇ!" ಎದುರಿಗೆ ಸಿಕ್ಕವರ ಜುಟ್ಟು ಹಿಡಿದು ಹೊರಗೆ ಎಳೆದಳು. ಆಗ ಸಾಲು ಮುರಿಯಿತು. ನಾನು ಗೇಟಿನ ಕಂಬ ಹಿಡಿದಾಗ ನೀರು ಸೊಂಟಕ್ಕೆ ಬಂದಿತ್ತು. ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದಿದ್ದರು. ಹೊಳೆ ಗೇಟಿನೊಳಗೆ ಒಮ್ಮೆಲೇ ನುಗ್ಗಿತು, ಸೆರಗು ಹಗುರಾಯಿತು.

ಬೀರಣ್ಣ ಗೋಡೆಯಲ್ಲಿ ತಲೆ ತೂರುವಷ್ಟು ತೂತು ಮಾಡಿದ್ದ. ಉಳಿದ ಗೋಡೆಯನ್ನು ಹೊಳೆಯೇ ಒಡೆಯಿತು, ಬೀರಣ್ಣನನ್ನು ರಸ್ತೆಯ ದಿಬ್ಬಕ್ಕೆ ಎಸೆಯಿತು. ಅವನ ಒಂದು ಕಾಲು ಮುರಿಯಿತು.

ಮೂರನೆಯ ದಿನ ಎರಡು ಮೈಲು ಕೆಳಗೆ ಜಾಲಿಯ ಪೊದೆಯಲ್ಲಿ ನೀಲಾಬಾಯಿ ಸಿಕ್ಕಳು. ನಾವು ಅವಳನ್ನು ಊರಿಗೆ ಒಯ್ಯಲಿಲ್ಲ, ಎತ್ತಿನ ಗಾಡಿಯಲ್ಲಿ ಮಲಗಿಸಿ ಗೇಟಿಗೆ ತಂದೆವು. ಒಳಗೆ ಕೆಸರು ಬಳಿಯುವ ಕೆಲಸ ನಡೆದಿತ್ತು. ಹಿಂದೆ ಗೌಂಡಿಗಳು ಬಿದ್ದ ಗೋಡೆಯನ್ನು ಮತ್ತೆ ಕಟ್ಟುತ್ತಿದ್ದರು, ಬಾಗಿಲು ಬಿಡದೆ. ಆಫೀಸಿನ ಗೋಡೆಗೆ ಹೊಸ ಕಾಗದ ಅಂಟಿಸಿದ್ದರು. ಏಳನೆಯ ತರಗತಿ ಓದಿದ ನಾನು ಅದನ್ನು ಎಲ್ಲರಿಗೂ ಓದಿ ಹೇಳಿದೆ. ಯೋಜನೆ ಯಶಸ್ವಿ, ಹನ್ನೊಂದರಲ್ಲಿ ಹನ್ನೊಂದು ಮಂದಿ ಸುರಕ್ಷಿತ.

"ಇದ್ಯಾವ ಹೆಣ ಇಲ್ಲಿ ತಂದೀರಿ?" ಪಂಢರಿನಾಥ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಬಂದರು. ಅವರ ಹಿಂದೆ ಹಲಗೆ ಹಿಡಿದ ಆಶಿಷ.

"ನೀಲಾಬಾಯಿರಿ. ನಿಮ್ಮಲ್ಲಿ ದುಡ್ಯಾಕಿ," ಎಂದಳು ಮುಕ್ತಾಬಾಯಿ.

"ನಮ್ಮಲ್ಲಿ ಆ ಹೆಸರಿನಾಕಿ ಯಾರೂ ಇಲ್ಲ. ಹೊಳ್ಯಾಗ ತೇಲಿ ಬಂದಾಳ."

ಮುಕ್ತಾಬಾಯಿ ಹೆಣದ ಕೈ ಎತ್ತಿ ಹಿಡಿದಳು. ಮೂರು ದಿನದ ನೀರಿಗೂ ಹಸಿರು ಹೋಗಿರಲಿಲ್ಲ. "ಹೊಳ್ಯಾಗ ಬಣ್ಣಾ ಹಾಕ್ತಾರೇನ್ರಿ?"

"ಬಣ್ಣದ ಕೆಲಸ ನಾಕಾರ ಕಡಿ ಐತಿ. ಒಯ್ರಿ, ಒಯ್ರಿ."

"ಒಯ್ತೀವ್ರಿ. ಝಡತಿ ತಗೊಂಡ ಬಿಡ್ರಿ. ಸಾಲಿನಾಗ ನಿಂತಾಗ ಸತ್ತಾಳ, ಅಕೀದೊಂದು ಬಾಕಿ ಉಳದದ. ಏ ಗಿರಿಜಾ, ಬಾ ಇಲ್ಲಿ."

ನಾವು ಗಾಡಿಯ ಹಿಂದೆ ಸಾಲು ಹಿಡಿದೆವು. ಯಾವಾಗಲೂ ತುದಿಗೆ ನಿಲ್ಲುತ್ತಿದ್ದವಳು ಆವತ್ತು ಮೊದಲಿಗೆ ಇದ್ದಳು. ಗಿರಿಜಾಬಾಯಿ ಸಾಹೇಬರ ಮುಖ ನೋಡಿದಳು, ನಮ್ಮ ಮುಖ ನೋಡಿದಳು. ಆಮೇಲೆ ಬಗ್ಗಿ ನೀಲಾಬಾಯಿಯ ಎದೆ ತಡವಿದಳು, ಸೊಂಟ ತಡವಿದಳು. ಕೈ ಅಲ್ಲೇ ನಿಂತಿತು. ಕೆಸರು ಮೆತ್ತಿದ ಚಿಂದಿಯೊಂದನ್ನು ಎಳೆದು ಎತ್ತಿ ಹಿಡಿದಳು.

"ನಮ್ಮ ಮಾಲ್ ಐತ್ರಿ ಸಾಹೇಬ್ರ," ಎಂದಳು. "ನಮ್ಮಾಕೀನ ಇಕಿ."

ನಮ್ಮೊಳಗೆ ಒಂದು ಉಸಿರು ಬಂತು. ಇನ್ನು ಇಲ್ಲವೆನ್ನಲು ಬರುವುದಿಲ್ಲ ಎಂದುಕೊಂಡೆವು. ಎಂಥ ಹುಚ್ಚು ಮುಂಡೇರು ನಾವು!

ಸಾಹೇಬರು ಚಿಂದಿಯನ್ನು ನೋಡಿದರು. ಅವರ ಮುಖ ತಿಳಿಯಾಯಿತು. "ಹಾಂಗೇನು? ಆಶಿಷ, ಬರಿ. ನೆರಿ ಗದ್ದಲದಾಗ ಒಳಗ ಹೊಕ್ಕ ಕಂಪನಿ ಮಾಲ್ ಕದ್ದ ಒಯ್ಯೂ ಮುಂದ ಕಳ್ಳಿ ಒಬ್ಬಾಕಿ ಮುಳಗಿ ಸತ್ತಾಳ. ಹೆಸರ ನೀಲಾಬಾಯಿ."

ಆಶಿಷ ಬರೆದ.

ಮುಕ್ತಾಬಾಯಿ ಮುಂದೆ ಬಂದು ತನ್ನ ಸೊಂಟಕ್ಕೆ ಕೈ ಹಾಕಿ ಚಿಂದಿ ತೆಗೆದು ಸಾಹೇಬರ ಬೂಟಿನ ಮೇಲೆ ಒಗೆದಳು. "ಹಂಗಾದ್ರ ನಂದೂ ಬರಿಯೋ ತಮ್ಮಾ. ಮುಕ್ತಾಬಾಯಿ. ಕಳ್ಳಿ."

ನಾನು ಬೆರಳಿಗೆ ಸುತ್ತಿದ್ದನ್ನು ಬಿಚ್ಚಿದೆ. ಗಾಯಕ್ಕೆ ಅಂಟಿಕೊಂಡಿತ್ತು, ಎಳೆದಾಗ ರಕ್ತ ಬಂತು. "ಮನೀಷಾ. ಕಳ್ಳಿ." ನನ್ನ ಹಿಂದಿನವಳು ಒಗೆದಳು, ಅವಳ ಹಿಂದಿನವಳು ಒಗೆದಳು. ಕೆಂಪು, ಹಸಿರು, ನೀಲಿ ಚಿಂದಿಗಳು ಕೆಸರಿನಲ್ಲಿ ರಾಶಿಯಾದವು.

"ಬರಿ, ಎಲ್ಲಾ ಭೋಸಡಿಗೋಳ ಹೆಸರ ಬರಿ!" ಸಾಹೇಬರು ಚೀರಿದರು. "ನಾಳಿಂದ ಒಬ್ಬಾಕೀನೂ ಗೇಟ್ ದಾಟಬಾರದು. ನಲವತ್ತೆರಡು ಹೋದ್ರ ನಾನೂರು ಬರ್ತಾವ!"

ಅದು ನಿಜವೆಂದು ನಮಗೂ ಗೊತ್ತಿತ್ತು. ರಸ್ತೆಯ ದಿಬ್ಬದ ಮೇಲೆ ಬೇರೆ ಊರಿನ ಹೆಂಗಸರು ಆಗಲೇ ಬಂದು, ಬುತ್ತಿ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಶಿಷ ತಲೆ ಎತ್ತದೆ ಬರೆಯುತ್ತಲೇ ಹೋದ. ಕೊನೆಗೆ ಗಿರಿಜಾಬಾಯಿ ತನ್ನ ಸೊಂಟಕ್ಕೆ ಕೈ ಹಾಕಿದಳು.

ಆ ಕಾರ್ಖಾನೆಯ ಕಾಗದದಲ್ಲಿ ನಮ್ಮ ಹೆಸರು ಬಿದ್ದದ್ದು ಅದೇ ಮೊದಲು. ಕಳ್ಳಿಯರು ಎಂದು ಮೇಲೆ ಬರೆದು ಆಶಿಷ ಅಡ್ಡಗೆರೆ ಎಳೆದಿದ್ದ. ಅದರ ಕೆಳಗೆ ಒಂದನೆಯ ನಂಬರಿಗೆ ನೀಲಾಬಾಯಿ.