ಅಪ್ಪನ ಎರಡು ಹುಟ್ಟಿದ ದಿನ

ನಮ್ಮಪ್ಪ ಗಂಗಯ್ಯನಿಗೆ ಎರಡು ವಯಸ್ಸು. ನಮ್ಮ ಕಡೆ ಆ ಕಾಲದ ಬಹಳ ಜನಕ್ಕೆ ಹಾಗೇ. ವಯಸ್ಸೆಷ್ಟು ಎಂದು ಕೇಳಿದರೆ, "ರೆಕಾರ್ಡ್ ವಯಸ್ಸಾ, ನಿಜವಾದ್ದಾ?" ಎಂದು ತಿರುಗಿ ಕೇಳುತ್ತಾರೆ.

ಅಪ್ಪ ಹುಟ್ಟಿದ್ದು ೧೯೫೬ರ ನವೆಂಬರ್ ಒಂದರಂದು, ದೊಡ್ಡಮಳೂರಿನಲ್ಲಿ. ಅಜ್ಜಿಗೆ ಇಸವಿ ಗೊತ್ತಿರಲಿಲ್ಲ. ಆದರೆ ಅದು ರಾಜ್ಯ ಒಂದಾದ ದಿನ ಎಂದು ಊರಿನವರೆಲ್ಲ ಹೇಳುತ್ತಿದ್ದುದರಿಂದ ತಾರೀಖು ತಪ್ಪುವ ಮಾತೇ ಇಲ್ಲ. ನಾಲ್ಕೂವರೆ ವರ್ಷದ ಹುಡುಗನನ್ನು ತಾತ ಸ್ಕೂಲಿಗೆ ಎಳೆದುಕೊಂಡು ಹೋದ. ಮೇಷ್ಟ್ರು ಆಗಿನ ಪದ್ಧತಿಯಂತೆ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರು. ಮುಟ್ಟಿದರೆ ಆರು ತುಂಬಿದೆ ಎಂದು ಅರ್ಥ. ಅಪ್ಪನ ಕೈ ಆಗಲೇ ಉದ್ದ, ಮುಟ್ಟಿಯೇಬಿಟ್ಟ. ಮೇಷ್ಟ್ರು ೧-೬-೧೯೫೫ ಎಂದು ಬರೆದುಕೊಂಡರು. ಆ ಕಿವಿಯ ದೆಸೆಯಿಂದ ಅಪ್ಪ ರೇಷ್ಮೆ ಇಲಾಖೆಯಿಂದ ಒಂದೂವರೆ ವರ್ಷ ಮೊದಲೇ ನಿವೃತ್ತನಾದ.

ಈಗ ನೊಯ್ ವಿಷಯ. ಇದನ್ನು ಹೇಳಿದರೆ ನಮ್ಮ ನೆಂಟರಲ್ಲಿ ಕೆಲವರು ಮೂಗು ಮುರಿಯುತ್ತಾರೆ, ಮುರಿಯಲಿ. ೨೦೦೩ರಲ್ಲಿ ಇಲಾಖೆಯವರು ಅಪ್ಪನನ್ನು ಮೂರು ವರ್ಷ ಥಾಯ್ಲೆಂಡಿನ ಒಂದು ಹಳ್ಳಿಗೆ ರೇಷ್ಮೆ ನೂಲು ಬಿಚ್ಚುವುದನ್ನು ಕಲಿಸಲು ಕಳಿಸಿದ್ದರು. ಕಲಿಯಲು ಬಂದವರಲ್ಲಿ ನೊಯ್ ಒಬ್ಬರು. ಆಗ ನಮ್ಮಮ್ಮ ಇದ್ದಳು, ಅವರ ಗಂಡನೂ ಇದ್ದ, ನಡುವೆ ಏನೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವರ ಕಾಗದ ಬಂತು. ಅವರ ಗಂಡ ಹೋದಾಗ ಅಪ್ಪ ಬರೆದ. ಆಮೇಲೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ವಿಡಿಯೋ ಕಾಲ್. ಅರ್ಧ ಇಂಗ್ಲಿಷು, ಕಾಲು ಥಾಯ್, ಉಳಿದದ್ದು ಕೈಸನ್ನೆ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ದಿನ ರಾಮನಗರದ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಅಪ್ಪ ಕೇಳಿದ.

"ಸುಮನಾ, ನಾನು ಅಲ್ಲೇ ಹೋಗಿ ಇದ್ದುಬುಡ್ಲಾ?"

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಅಮ್ಮನ ಜಾಗಕ್ಕೆ ಯಾರೋ ಬರುತ್ತಾರೆಂದು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹತ್ತು ಗಂಟೆಯ ಆ ಕಾಲ್ ಮುಗಿದ ಮೇಲೆ ಅಪ್ಪ ಇಡೀ ದಿನ ಮರುದಿನದ ಹತ್ತು ಗಂಟೆಯನ್ನೇ ಕಾಯುತ್ತಾನೆ ಎಂಬುದು ನನಗೆ ಗೊತ್ತಿತ್ತು. ಕೊನೆಗೆ, "ಹೋಗು, ಪೇಪರ್ ನಾನು ನೋಡ್ಕೊತೀನಿ" ಅಂದೆ.

ನಿವೃತ್ತರಿಗೆ ಅಲ್ಲಿ ಒಂದು ವರ್ಷ ಇರಲು ವೀಸಾ ಕೊಡುತ್ತಾರೆ. ಪೆನ್ಷನ್ ಕಾಗದ, ಪೊಲೀಸ್ ಕಾಗದ, ಡಾಕ್ಟರ್ ಕಾಗದ ಎಲ್ಲ ಆಯಿತು. ಇಡೀ ವರ್ಷಕ್ಕೆ ಆರೋಗ್ಯ ವಿಮೆ ಕಡ್ಡಾಯ, ಅದಿಲ್ಲದೆ ಅರ್ಜಿ ಮುಟ್ಟುವುದೂ ಇಲ್ಲ ಎಂದರು. ವಿಮೆ ಏಜೆಂಟ್ ಜಾರಾ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಅವಳ ಮುಂದೆ ಅಪ್ಪ ತನ್ನ ಇಲ್ಲಿನ ಆಸ್ಪತ್ರೆ ಕಾರ್ಡನ್ನು ಜೇಬಿನಿಂದ ತೆಗೆದು ಹೆಮ್ಮೆಯಿಂದ ಇಟ್ಟ.

"ಇದೈತಲ್ಲವ್ವಾ, ಸಾಲ್ದಾ?"

"ಸಾರ್, ಅದು ಸಮುದ್ರ ದಾಟಲ್ಲ" ಎಂದಳು ಜಾರಾ.

ಅವಳೇ ಹುಡುಕಿ ಒಂದು ಕಂಪನಿ ಹಿಡಿದಳು. ಎಪ್ಪತ್ತು ತುಂಬಿದವರಿಗೆ ಅಲ್ಲಿ ಹೊಸ ಪಾಲಿಸಿ ಇಲ್ಲ. ರೆಕಾರ್ಡ್ ಪ್ರಕಾರ ಅಪ್ಪನಿಗೆ ಜೂನ್ ಒಂದಕ್ಕೆ ಎಪ್ಪತ್ತು. ಅದಿನ್ನೂ ಮೇ ಮೊದಲ ವಾರ. ಬೀಪಿ, ಶುಗರ್, ಎದೆಯ ಚಿತ್ರ ಎಲ್ಲ ಸರಿಯಾಗಿ ಬಂತು. ಅಪ್ಪ ಫಾರಂ ಅನ್ನು ತಾನೇ ತುಂಬಿದ. ಅವನ ಅಕ್ಷರ ಚೆಂದ, ನನಗೆ ಮುಟ್ಟಲೂ ಬಿಡಲಿಲ್ಲ. ಒಂಬತ್ತನೇ ತಾರೀಖು ಜಾರಾ ಅದನ್ನು ಕಳಿಸಿದಳು. ನಾನೂ ನೋಡಲಿಲ್ಲ, ಅವಳೂ ನೋಡಲಿಲ್ಲ.

ಜೂನ್ ನಾಲ್ಕಕ್ಕೆ ಫಾರಂ ವಾಪಸ್ ಬಂತು. ಹುಟ್ಟಿದ ತಾರೀಖು ಪಾಸ್‌ಪೋರ್ಟಿಗೆ ಹೊಂದುತ್ತಿಲ್ಲ. ಪಾಸ್‌ಪೋರ್ಟ್ ಪ್ರಕಾರ ಎಪ್ಪತ್ತು ಮುಗಿದಿದೆ, ಪಾಲಿಸಿ ಕೊಡಲಾಗುವುದಿಲ್ಲ. ಅಪ್ಪ ಆ ಚೆಂದದ ಅಕ್ಷರದಲ್ಲಿ ೧-೧೧-೧೯೫೬ ಎಂದು ಬರೆದಿದ್ದ.

"ನಿಂಗೆ ಬುದ್ಧಿ ಐತಾ ಅಪ್ಪಾ? ನಲವತ್ತು ವರ್ಷ ಆಫೀಸಲ್ಲಿ ಕೆಲಸ ಮಾಡ್ದೋನು! ಮರೆತುಹೋಯ್ತಾ?" ಜಾರಾಳ ಅಂಗಡಿಯಲ್ಲೇ ಕೂಗಾಡಿದೆ.

"ಮರೀನಿಲ್ಲ ಕಣವ್ವ" ಅಂದ ಅಪ್ಪ. "ಸ್ಕೂಲು, ಕೆಲ್ಸ, ರಿಟೈರು, ಎಲ್ಲಾನೂ ಆ ಮೇಷ್ಟ್ರು ಬರದ ತಾರೀಕಲ್ಲೇ ಆಗೋಯ್ತು. ಇದು ನಾನಾಗಿ ನಾನು ಮಾಡ್ತಿರೋದು. ಇದೊಂದಾದ್ರೂ ನಮ್ಮವ್ವ ಹೆತ್ತ ದಿನ್ದಲ್ಲಿ ಆಗ್ಲಿ ಅಂದ್ಕೊಂಡೆ."

ಜಾರಾ ಸುಮ್ಮನೆ ಫ್ಯಾನಿನ ಸ್ಪೀಡು ಜಾಸ್ತಿ ಮಾಡಿದಳು.

ಆದರೆ ಜಾರಾ ಬಿಡುವ ಪೈಕಿಯಲ್ಲ. ಕಂಪನಿಯವರ ಜೊತೆ ಹತ್ತು ದಿನ ಫೋನಿನಲ್ಲಿ ಜಗಳವಾಡಿದಳು. ಅರ್ಜಿ ನಿಮಗೆ ಮುಟ್ಟಿದ್ದು ಮೇ ತಿಂಗಳಲ್ಲಿ, ಆವತ್ತಿಗೆ ಎಪ್ಪತ್ತು ಆಗಿರಲಿಲ್ಲ, ವಯಸ್ಸನ್ನು ಆವತ್ತಿನಿಂದ ನೋಡಿ ಎಂಬುದು ಅವಳ ವಾದ. ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತು. ಸ್ಟಾಂಪ್ ಪೇಪರಿನ ಮೇಲೆ ಅಪ್ಪ ಪ್ರಮಾಣ ಮಾಡಿ ಬರೆದುಕೊಡಬೇಕು: ನಾನು ಹುಟ್ಟಿದ ನಿಜವಾದ ದಿನ ೧-೬-೧೯೫೫. ಫಾರಂನಲ್ಲಿ ಬರೆದದ್ದು ತಪ್ಪು.

"ಆಗಕ್ಕಿಲ್ಲ" ಅಂದ ಅಪ್ಪ.

"ಬರೀ ಒಂದು ಸೈನು ಸಾರ್."

"ಸುಳ್ಳು ತಾರೀಕ್ನ ನಾನು ಬರಸ್ಲಿಲ್ಲ, ಮೇಷ್ಟ್ರು ಬರಕೊಂಡ್ರು. ಈಗ ನಾನೇ ದೇವ್ರ ಮೇಲೆ ಆಣೆ ಮಾಡಿ ನಮ್ಮವ್ವನ ಸುಳ್ಳಿ ಮಾಡ್ಲಾ?"

ಮನೆಗೆ ಬಂದ ಮೇಲೂ ಅದೇ ರಾಗ. ಷರತ್ತಿಗೆ ಒಂದು ವಾರದ ಗಡುವು. ಐದು ದಿನ ಹಾಗೇ ಕಳೆದವು. ನಾನು ಬೈದೆ, ಬೇಡಿಕೊಂಡೆ, ಊಟ ಬಿಡುತ್ತೇನೆಂದು ಹೆದರಿಸಿದೆ. ಅಪ್ಪನ ಹಟ ನನಗೂ ಬಂದಿರುವುದರಿಂದ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿತ್ತು. ಹೋಗದಿದ್ದರೆ ಆತ ಸಾಯುವುದಿಲ್ಲ, ಹತ್ತು ಗಂಟೆಗೆ ಕಾಯುತ್ತಾ ಇಲ್ಲೇ ಇರುತ್ತಾನೆ. ಅದನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಆರನೇ ದಿನ ಹತ್ತು ಗಂಟೆಯ ಕಾಲನ್ನು ಅಪ್ಪ ರೂಮಿನ ಬಾಗಿಲು ಹಾಕಿಕೊಂಡು ಮಾತಾಡಿದ. ಯಾವತ್ತೂ ಹಾಕಿದವನಲ್ಲ. ಅರ್ಧ ಗಂಟೆ ಬಿಟ್ಟು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೊರಗೆ ಬಂದ.

"ನಡಿ, ನೋಟರಿ ತಾವ ಹೋಗವ."

ಯಾಕೆ ಮನಸ್ಸು ಬದಲಾಯಿತೆಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಮತ್ತೆ ಕೂತುಬಿಡುತ್ತಾನೋ ಎಂಬ ಭಯ. ನೋಟರಿಯ ಮುಂದೆ ಅಪ್ಪ ಪೂರ್ತಿ ಓದಿ, ಒಂದು ಅಕ್ಷರವೂ ಅಲುಗದ ಹಾಗೆ ಸೈನು ಹಾಕಿದ. ಮೆಟ್ಟಿಲಿಳಿಯುವಾಗ ಮಾತ್ರ ನನ್ನ ಭುಜ ಹಿಡಿದುಕೊಂಡ.

ಪಾಲಿಸಿ ಬಂತು, ವೀಸಾ ಬಂತು. ಆಗಸ್ಟ್ ಕೊನೆಗೆ ಅಪ್ಪ ಎರಡು ಪೆಟ್ಟಿಗೆ, ಒಂದು ಡಬ್ಬ ಹುರಿಹಿಟ್ಟು ತೆಗೆದುಕೊಂಡು ಹೋದ.

ನವೆಂಬರ್ ಒಂದರಂದು ನಮ್ಮ ಸ್ಕೂಲಿನಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸಿ ಮಕ್ಕಳಿಗೆ ಸಿಹಿ ಹಂಚುತ್ತಿದ್ದೆವು. ಸರಿಯಾಗಿ ಹತ್ತಕ್ಕೆ ನನ್ನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಅಪ್ಪ. ತಲೆಯಿಂದ ಎಣ್ಣೆ ಕೆನ್ನೆಗೆ ಇಳಿಯುತ್ತಿತ್ತು. ಹಿಂದೆ ನಿಂತು ನೊಯ್ ಎರಡೂ ಕೈಯಲ್ಲಿ ನೆತ್ತಿ ತಟ್ಟುತ್ತಿದ್ದರು, ನಮ್ಮಜ್ಜಿ ತಟ್ಟುತ್ತಿದ್ದ ಹಾಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿತ್ತು.

"ಸೈನು ಹಾಕಕ್ಕೆ ಹೋದ ದಿನ ಇವಳು ಏನಂದ್ಲು ಗೊತ್ತಾ?" ಅಂದ ಅಪ್ಪ. "ಆ ತಾರೀಕ್ನ ಆಫೀಸಿಗೆ ಕೊಟ್ಬುಡು, ನಿಜವಾದ್ದ ನಾನು ಮಡಿಕ್ಕತೀನಿ ಅಂದ್ಲು. ಇವತ್ತು ಬೆಳಗಿಂದ ಎಣ್ಣೆ ಹಿಡ್ಕಂಡು ನಿಂತವ್ಳೆ."

ಅಪ್ಪ ಕಣ್ಣಿಗಿಳಿದ ಎಣ್ಣೆ ಒರೆಸಿಕೊಂಡು ನಕ್ಕ.

"ಇಲ್ಲಿ ನಂಗೆ ಅರವತ್ತೊಂಬತ್ತೇ ಕಣವ್ವ."