ಶಟರ್ ಇರುವ ಸಾಕೆಟ್ಟು

ನನ್ನ ಗಂಡ ಸಂಗಮನಾಥನಿಗೆ ಯಾರ ಮನೆಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಸಾಕೆಟ್ಟು. ನನ್ನನ್ನು ನೋಡಲು ಬಂದ ದಿನವೂ ಅಷ್ಟೇ. ನಾನು ಚಹಾದ ಟ್ರೇ ಹಿಡಿದು ನಿಂತಿದ್ದರೆ ಆತ ನನ್ನ ಬೆನ್ನ ಹಿಂದಿನ ಸ್ವಿಚ್‌ಬೋರ್ಡನ್ನು ದಿಟ್ಟಿಸುತ್ತಿದ್ದ. ಹುಡುಗನಿಗೆ ನಾಚಿಕೆ ಜಾಸ್ತಿ ಎಂದು ಅವ್ವ ಮೆಚ್ಚಿಕೊಂಡಳು. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ನಿಮ್ಮ ಮನೆಗೆ ಅರ್ಥಿಂಗ್ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ ಅಂತ ಮದುವೆಯಾದ ಮೇಲೆ ಅವನೇ ಹೇಳಿದ.

ನಾಶಿಕದ ಸಾತಪುರದಲ್ಲಿ ಸ್ವಿಚ್ಚು, ಪ್ಲಗ್ಗು ತಯಾರಿಸುವ ಕಾರ್ಖಾನೆಯಲ್ಲಿ ಅವನು ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್. ಮನೆಬಳಕೆಯ ಪ್ಲಗ್ಗು, ಸಾಕೆಟ್ಟುಗಳ ರಾಷ್ಟ್ರೀಯ ಮಾನಕ ಬದಲಾಗುತ್ತದೆ ಎಂಬ ಸುದ್ದಿ ಬಂದಿದ್ದೇ ತಡ, ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲದಂತಾಯಿತು. ಅಚ್ಚು ಬದಲಿಸಬೇಕಂತೆ, ತೂತಿನೊಳಗಿನ ಶಟರ್ ಇನ್ನೂ ಬಿಗಿಯಾಗಬೇಕಂತೆ. ಶಟರ್ ಎಂದರೆ ತೂತಿನ ಹಿಂದಿರುವ ಪುಟ್ಟ ಬಾಗಿಲು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉದ್ದ. ಅದು ಮೊದಲು ಒಳಗೆ ಹೋಗಿ ಕೆಳಗಿನ ಎರಡು ತೂತುಗಳ ಬಾಗಿಲನ್ನು ತೆರೆಯುತ್ತದೆ. ಕರೆಂಟು ಇರುವುದು ಕೆಳಗೆ. ಆದ್ದರಿಂದ ಮಗು ಕೆಳಗಿನ ತೂತಿಗೆ ಏನನ್ನು ತುರುಕಿದರೂ ಒಳಗೆ ಹೋಗುವುದಿಲ್ಲ. ಈ ಪಾಠವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ.

ನಮ್ಮ ಮಗ ಸಮೀರನಿಗೆ ಎರಡೂವರೆ ವರ್ಷ. ಅವನನ್ನು ನೋಡಿಕೊಳ್ಳುತ್ತಿದ್ದ ಮರಾಠಿ ಮೌಶಿ ಈ ಬೇಸಿಗೆಯಲ್ಲಿ ಕೆಲಸ ಬಿಟ್ಟಳು. ನಾನು ಬ್ಯಾಂಕಿನಲ್ಲಿದ್ದೇನೆ. ರಜೆ ಎಂದರೆ ನಮ್ಮ ಮ್ಯಾನೇಜರ್ ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡುತ್ತಾರೆ. ಛತ್ರಪತಿ ಸಂಭಾಜಿನಗರದಲ್ಲಿರುವ ನನ್ನ ಅವ್ವ ಸುಶೀಲಾಬಾಯಿ ಮೊಮ್ಮಗನನ್ನು ತನ್ನ ಹತ್ತಿರ ಬಿಡು ಎಂದು ಅವನು ಹುಟ್ಟಿದಾಗಿನಿಂದ ಗಂಟುಬಿದ್ದಿದ್ದಳು. ಹೊಸ ಮೌಶಿ ಸಿಗುವವರೆಗೆ ಅಲ್ಲೇ ಇರಲಿ ಎಂದೆ. ಅವ್ವ ಫೋನಿನಲ್ಲೇ ಅತ್ತಳು. ಗಂಡ ಮಾತ್ರ ಒಂದು ಷರತ್ತು ಹಾಕಿದ: ಆ ಮನೆಯ ಹಳೇ ಸಾಕೆಟ್ಟು ಒಂದೂ ಉಳಿಯಕೂಡದು.

ಮಗನನ್ನು ಬಿಡಲು ಹೋದಾಗ ಅವನೇ ನಿಂತು ಎಲ್ಲವನ್ನೂ ಬದಲಿಸಿದ. ಹೊಸ ಮಾನಕ ಜಾರಿಗೆ ಬರುವ ಮೊದಲೇ ಅದಕ್ಕೆ ತಕ್ಕ ಸಾಕೆಟ್ಟು ಇರುವ ಮನೆ ಇಡೀ ಮರಾಠವಾಡದಲ್ಲಿ ನಿಮ್ಮದೊಂದೇ ಇರಬೇಕು ಅತ್ತಿ ಎಂದು ಹೆಮ್ಮೆಪಟ್ಟ. ಅವ್ವನ ಎರಡು ಪಿನ್ನಿನ ಚಾರ್ಜರ್ ಒಳಗೆ ಹೋಗದಾಯಿತು. ಅಳಿಯ ಬಂದು ಮನೆಯ ಗೋಡೆಗೂ ಬೀಗ ಹಾಕಿದ ಎಂದು ಪಕ್ಕದ ಮನೆಯ ಕಸ್ತೂರಿಬಾಯಿಯ ಹತ್ತಿರ ಗೊಣಗಿದಳಂತೆ. ಅವನು ಮೂರು ಪಿನ್ನಿನ ಚಾರ್ಜರ್ ತಂದುಕೊಟ್ಟ ಮೇಲೆ ಸುಮ್ಮನಾದಳು. ಕರೆಂಟು ಸೋರಿದರೆ ತಾನಾಗಿಯೇ ಬೀಳುವ ಸ್ವಿಚ್ಚೊಂದು ಮೇನ್ ಬೋರ್ಡಿಗೆ ಬೇಕಾಗಿತ್ತು. ಅದನ್ನು ಮುಂದಿನ ಸಲ ಹಾಕಿಸೋಣ ಎಂದು ಬಿಟ್ಟೆವು.

ದಿನಾ ಊಟದ ಬಿಡುವಿನಲ್ಲಿ ನಾನು ಬ್ಯಾಂಕಿನ ಹಿಂದಿನ ಕೋಣೆಯಿಂದ ವಿಡಿಯೋ ಕಾಲ್ ಮಾಡುತ್ತಿದ್ದೆ. ಆ ಮಂಗಳವಾರವೂ ಮಾಡಿದೆ. ನನ್ನ ಅಪ್ಪ ಯಾವುದೋ ಮದುವೆಗೆಂದು ಭಾಲ್ಕಿಗೆ ಹೋಗಿದ್ದರು. ಅವ್ವ ಫೋನನ್ನು ಮಂಚದ ಮೇಲೆ ದಿಂಬಿಗೆ ಆನಿಸಿಟ್ಟು, ಅಮ್ಮನ ಜೋಡಿ ಮಾತಾಡು ಎಂದು ಸಮೀರನಿಗೆ ಹೇಳಿ ಅಡುಗೆಮನೆಗೆ ಹೋದಳು. ಒಳಗೆ ಮಿಕ್ಸರ್ ಶುರುವಾಯಿತು. ಸಮೀರ ನನಗೆ ಒಂದು ಮುತ್ತು ಕೊಟ್ಟು ಮಂಚ ಇಳಿದ. ಎದುರು ಗೋಡೆಯಲ್ಲಿ, ನೆಲದಿಂದ ಮೊಳದೆತ್ತರದಲ್ಲಿ ಹೊಸ ಸಾಕೆಟ್ಟು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಅದರ ಮುಂದೆ ಕೂತ.

ಅವನ ಕೈಯಲ್ಲಿ ಅಜ್ಜನ ಪೆನ್ನಿತ್ತು. ಅದನ್ನು ಮೇಲಿನ ತೂತಿಗೆ ಇಟ್ಟು ಅಂಗೈಯಿಂದ ಒತ್ತಿದ. ಪೆನ್ನು ಹೋಗಿ ನಿಂತಿತು. ನಾನು ಡಬ್ಬಿ ತೆರೆಯುತ್ತಿದ್ದೆ, ನಕ್ಕೆ ಕೂಡ. ಆಮೇಲೆ ಅವನು ನೆಲದ ಮೇಲಿದ್ದ ಅವ್ವನ ಹೇರ್‌ಪಿನ್ನು ಎತ್ತಿಕೊಂಡು ಕೆಳಗಿನ ತೂತಿಗೆ ಹಾಕಿದ. ಬಾಗಿಲು ತೆರೆದಿತ್ತು. ಹೇರ್‌ಪಿನ್ನು ಅರ್ಧದವರೆಗೂ ಒಳಗೆ ಹೋಯಿತು.

ನನ್ನ ಬಾಯಿಂದ ಏನು ಬಂತೋ ನನಗೆ ತಿಳಿಯದು. ಸಮೀರ ತಿರುಗಿ ನೋಡಿ ಕಿಲಕಿಲ ನಕ್ಕ. ಅಮ್ಮ ಕೂಗುವುದು ಅವನಿಗೆ ಆಟ. ಅವ್ವಾ, ಅವ್ವಾ ಎಂದು ಕಿರುಚಿದೆ. ಮಿಕ್ಸರ್ ನಿಲ್ಲಲಿಲ್ಲ. ಅವನು ಎಡಗೈಯಲ್ಲಿ ಹೇರ್‌ಪಿನ್ನು ಹಿಡಿದುಕೊಂಡೇ ಬಲಗೈಯಿಂದ ಸ್ವಿಚ್ಚು ಒತ್ತಿದ. ಮೇಲೆ ಫ್ಯಾನ್ ನಿಂತಿತು. ಒತ್ತಿದ್ದು ಪಕ್ಕದ ಸ್ವಿಚ್ಚನ್ನು, ಸಾಕೆಟ್ಟಿನದು ಇನ್ನೂ ಆಫ್ ಇತ್ತು. ಬೆರಳು ಮುಂದಿನದಕ್ಕೆ ಹೊರಟಿತು.

ಕಣ್ಣೆದುರಿಗೇ ಇದ್ದಾನೆ, ನಡುವೆ ನಾಲ್ಕು ತಾಸಿನ ದಾರಿ. ಆಗ ಒಂದೇ ಒಂದು ವಿಷಯ ಹೊಳೆಯಿತು. ಕಾಲ್ ಕಟ್ಟಾದರೆ ಅವನು ತಡೆಯುವುದಿಲ್ಲ, ಅಮ್ಮ ಹೋದಳು ಎಂದು ಅಳುತ್ತ ಫೋನಿನತ್ತ ಓಡುತ್ತಾನೆ. ಆದರೆ ಕಟ್ ಮಾಡಿದರೆ ನನಗೆ ಅವನು ಕಾಣುವುದಿಲ್ಲ. ಓಡಿ ಬಂದನೋ, ಸ್ವಿಚ್ಚು ಒತ್ತಿದನೋ, ಏನೂ ತಿಳಿಯುವುದಿಲ್ಲ.

ಕಟ್ ಮಾಡಿದೆ. ಪರದೆ ಕಪ್ಪಾಯಿತು. ತಕ್ಷಣ ಮತ್ತೆ ಕಾಲ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಅಷ್ಟು ಹೊತ್ತಿನಲ್ಲಿ ನಾನು ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ, ಈಗ ಒಂದೂ ನೆನಪಿಲ್ಲ. ರಿಂಗು ನಿಂತು ಅವನ ಮೂಗು, ಒದ್ದೆ ಕಣ್ಣು ಪರದೆ ತುಂಬ ಬಂದವು. ಫೋನನ್ನು ಅಜ್ಜಿಗೆ ಕೊಡು, ಹೋಗು, ಓಡು ಎಂದೆ. ಅವನು ಓಡಿದ. ಮಿಕ್ಸರ್ ನಿಂತಿತು.

ಅವ್ವನಿಗೆ ನಾನು ಅಂದ ಮಾತುಗಳನ್ನು ಯಾವ ಮಗಳೂ ತಾಯಿಗೆ ಅನ್ನಬಾರದು. ಎರಡು ಪಿನ್ನಿನ ಹಳೇ ಚಾರ್ಜರ್ ಹಾಕಲು ನೀನೇ ಮೇಲಿನ ತೂತಿಗೆ ಕಡ್ಡಿ ತುರುಕುವ ಉಪಾಯ ಮಾಡಿದ್ದೀ, ಅದನ್ನು ನೋಡಿ ಅವನು ಕಲಿತಿದ್ದಾನೆ, ಮಗುವನ್ನು ಕೊಲ್ಲಲು ಕೂತಿದ್ದೀ ಎಂದೆ. ಅವ್ವ ಗೋಡೆಯಲ್ಲಿದ್ದ ಪೆನ್ನು, ಹೇರ್‌ಪಿನ್ನು ದಿಟ್ಟಿಸಿದಳು.

"ನಾ ಕಲ್ಸಿಲ್ಲವ್ವ," ಎಂದಳು. "ನಂಗೇ ಗೊತ್ತಿಲ್ಲ ಹಿಂಗ ಮಾಡ್ತಾರಂತ. ಅಂವಾ ಬರೂವಾಗ್ಲೇ ಕಲ್ತು ಬಂದಾನ."

"ಸುಳ್ಳು ಹೇಳ್ಬ್ಯಾಡ. ನಾ ಬರೋತನಕ ಸಮೀರನ್ನ ಮುಟ್ಟಬ್ಯಾಡ ನೀ. ಕಸ್ತೂರಿಬಾಯಿನ್ನ ಕರಿ."

ಅಷ್ಟು ಹೇಳಿ ಫೋನ್ ಇಟ್ಟೆ.

ಅವ್ವನ ಮನೆಗೆ ಈಗಲೇ ಹೊರಡಬೇಕು ಎಂದು ಫೋನ್ ಮಾಡಿದ್ದಕ್ಕೆ, ಸಂಗಮನಾಥ ಮೊದಲ ಪಾಳಿ ಮುಗಿಸಿ ಕಾರಿನೊಂದಿಗೆ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದ. ಕಾರಿನಲ್ಲಿ ಕೂತೊಡನೆ ನಡೆದದ್ದನ್ನೆಲ್ಲ ಹೇಳಿದೆ. ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗಾಯಿತು. ಗಾಡಿ ಹೊರಟಿತು. ನಾನು ಮಾತು ನಿಲ್ಲಿಸಲಿಲ್ಲ. ಅವ್ವನಿಗೆ ಮೊದಲಿಂದಲೂ ತಾನು ನಡೆದದ್ದೇ ದಾರಿ, ಯಾರ ಮಾತೂ ಕೇಳುವವಳಲ್ಲ, ಇನ್ನು ಮೇಲೆ ಮಗುವನ್ನು ಆ ಮನೆಯಲ್ಲಿ ಒಂದು ದಿನವೂ ಬಿಡುವುದಿಲ್ಲ, ನೀವು ಅಷ್ಟು ಕಷ್ಟಪಟ್ಟು ಹಾಕಿದ ಸಾಕೆಟ್ಟನ್ನು ಹೇಗೆ ಹಾಳುಮಾಡಿದಳು ನೋಡಿ ಎಂದೆ. ಯೇವಲಾ ಬಂತು, ವೈಜಾಪುರ ಬಂತು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಮ್ಮೆ ಗಾಡಿ ಬದಿಗೆ ನಿಲ್ಲಿಸಿ ನೀರು ಕುಡಿದ. ನನ್ನಷ್ಟೇ ಅವನಿಗೂ ಸಿಟ್ಟು ಬಂದಿದೆ ಎಂದುಕೊಂಡೆ.

ಅವ್ವನ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟಿದ್ದಳು. ಫ್ಯಾನಿಲ್ಲದ ಕೋಣೆ ಕುದಿಯುತ್ತಿತ್ತು. ಕಸ್ತೂರಿಬಾಯಿ ಸಮೀರನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸಮೀರನ ಬಟ್ಟೆಯೆಲ್ಲ ಮಡಚಿ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಸಮೀರ ನನ್ನತ್ತ ಬರುತ್ತಾನೆ ಎಂದು ಕೈಚಾಚಿದೆ. ಅವನು ನನ್ನನ್ನು ದಾಟಿ ತನ್ನ ಅಪ್ಪನ ಕಡೆ ಓಡಿದ. ಅಪ್ಪ ಬಗ್ಗಿದೊಡನೆ ಜೇಬಿನ ಪೆನ್ನು ಎಳೆದುಕೊಂಡು, ಬೆರಳು ಹಿಡಿದು ಗೋಡೆಯ ಹತ್ತಿರ ಕರೆದೊಯ್ದ.

"ಪಪ್ಪಾ, ಬಘ," ಎಂದ. ನೋಡು ಎಂದು ಮರಾಠಿಯಲ್ಲಿ ಹೇಳಿದ್ದು.

ಪೆನ್ನನ್ನು ಮೇಲಿನ ತೂತಿಗೆ ಒತ್ತಿದ. ಅದು ಹೋಗಿ ನಿಂತಿತು. ಆಮೇಲೆ ಅಪ್ಪನತ್ತ ತಿರುಗಿ, ದಿನಾ ಮಾಡುವ ಕೆಲಸ ಎಂಬಂತೆ ಅಂಗೈ ಚಾಚಿದ.

"ಪಪ್ಪಾ, ದುಸರಾ ದೇ."

ಎರಡನೆಯದು ಕೊಡು. ಅಪ್ಪ ಕೊಡಲಿಲ್ಲ. ಸಮೀರ ಸ್ವಲ್ಪ ಕಾದ. ಕೊಡದಿದ್ದರೂ ಅಡ್ಡಿಯಿಲ್ಲ ಎಂಬಂತೆ ತಾನೇ ಚಪ್ಪಾಳೆ ತಟ್ಟಿ, ನಮ್ಮೆಲ್ಲರ ಮುಖ ನೋಡಿದ.

ಸಂಗಮನಾಥ ಅಲ್ಲೇ ನೆಲದ ಮೇಲೆ ಕೂತ. ಅವನು ತಡೆತಡೆದು ಹೇಳಿದ್ದು ಇಷ್ಟು. ಹೊಸ ಶಟರ್ ಬಂದಾಗ ಒಂದು ಸ್ಯಾಂಪಲ್ ಬೋರ್ಡನ್ನು ಮನೆಗೆ ತಂದಿದ್ದ. ಸಂಜೆ ನಾನು ಬ್ಯಾಂಕಿನಿಂದ ಬರುವ ಮೊದಲು, ಮೌಶಿ ತನ್ನ ಮನೆಗೆ ಹೋದ ಮೇಲೆ, ಮಗು ಅದನ್ನು ತೆರೆಯಬಲ್ಲದೇ ಎಂದು ಕೊಟ್ಟು ನೋಡುತ್ತಿದ್ದ. ಒಂದು ಕಡ್ಡಿಯಿಂದ ಆಗಲಿಲ್ಲ. ಇವನಿಗೆ ಖುಷಿಯೋ ಖುಷಿ. ಮಗು ಮಾತ್ರ ಹಟ ಹಿಡಿದು ಅತ್ತಿತು. ಅಳು ನಿಲ್ಲಿಸಲು, ಮೊದಲು ಮೇಲೆ ಒತ್ತಬೇಕು, ಆಮೇಲೆ ಕೆಳಗೆ ಎಂದು ತಾನೇ ಕೈಹಿಡಿದು ತೋರಿಸಿದ. ಬಾಗಿಲು ತೆರೆದಾಗ ಇಬ್ಬರೂ ಚಪ್ಪಾಳೆ ತಟ್ಟಿದರು. ಆಮೇಲೆ ಅದು ಅವರ ಸಂಜೆಯ ಆಟವಾಯಿತು.

"ಆ ಬೋರ್ಡಿಗೆ ವೈರೇ ಇರ್ಲಿಲ್ಲ, ಅಶ್ವಿನಿ," ಎಂದ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವೈರಿಲ್ಲದ ಬೋರ್ಡಂತೆ. ಎಲ್ಲರ ಗೋಡೆ ನೋಡುವ ಮನುಷ್ಯ, ತನ್ನ ಮಗುವಿಗೆ ಎಲ್ಲ ಗೋಡೆಯೂ ಒಂದೇ ಎಂಬುದನ್ನು ನೋಡಲಿಲ್ಲ.

"ದಾರಿ ತುಂಬ ಅವ್ವಗ ಬೈಲತ್ತಿದ್ದೆ ನಾ," ಎಂದೆ. "ನೀವು ಕೇಳ್ಕೋತ ಕುಂತ್ರಿ."

"ಯೇವಲಾದಾಗ ಹೇಳ್ಬೇಕಂತ ಮಾಡಿದ್ದೆ," ಎಂದು ತಲೆ ತಗ್ಗಿಸಿದ. "ಬಾಯಿ ಬರ್ಲಿಲ್ಲ."

ಸಮೀರ ಇನ್ನೊಮ್ಮೆ ಚಪ್ಪಾಳೆ ತಟ್ಟಿದ, ಈ ಸಲ ಮೆಲ್ಲಗೆ. ಯಾರೂ ತಟ್ಟಲಿಲ್ಲ. ಕೆಳತುಟಿ ಉಬ್ಬಿತು, ಮುಖ ಕೆಂಪಾಯಿತು. ತಾನು ಏನು ತಪ್ಪು ಮಾಡಿದೆ ಎಂದು ಅವನಿಗೆ ತಿಳಿಯಲಿಲ್ಲ. ಅಪ್ಪನನ್ನು ಬಿಟ್ಟು, ನನ್ನನ್ನೂ ಬಿಟ್ಟು, ಅಳುತ್ತ ಹೊಸ್ತಿಲ ಕಡೆ ಓಡಿ ಅವ್ವನ ಮುಂದೆ ಎರಡೂ ಕೈ ಮೇಲೆತ್ತಿ ನಿಂತ.

ಅವ್ವ ಕೈ ಚಾಚಿದಳು. ಚಾಚಿದ ಕೈ ಅವನನ್ನು ಮುಟ್ಟುವ ಮೊದಲೇ ನಿಂತುಬಿಟ್ಟಿತು. ತಲೆಯೆತ್ತಿ ನನ್ನ ಮುಖ ನೋಡಿದಳು.

"ಎತ್ಕೊಳ್ಳಲೇನವ್ವಾ?" ಎಂದು ಕೇಳಿದಳು.